ಬ್ರಿಟನ್ನಿನ ಕಾಲುವೆ ದೋಣಿ ಹತ್ತುವ ಮುಂಚೆ: ಜೊತೆಗೆ ಇರಲೇಬೇಕಾದ ಸಾಮಾನು

ಲ್ಯಾಂಗೊಲೆನ್ ಕಾಲುವೆ ಮೇಲೆ ನಾವು ಒಂದು ವಾರ ದೋಣಿಯಲ್ಲಿ ಕಳೆದ ವಿಡಿಯೊ ಹಾಕಿದ ಮೇಲೆ ಮುಂಬೈ, ಪುಣೆ, ಹೈದರಾಬಾದ್ ಕಡೆಯಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬಂತು. "ಮಗ ಅಲ್ಲಿದ್ದಾನೆ, ರಜೆಗೆ ಹೋಗ್ತಿದ್ದೀವಿ, ಮನೆಮಂದಿಗೆಲ್ಲ ಒಂದು ದೋಣಿ ಬಾಡಿಗೆಗೆ ತಗೋತೀನಿ ಅಂತಿದ್ದಾನೆ. ನಮಗೆ ಈಜು ಬರಲ್ಲ. ಏನೇನು ಬೇಕು?" ಈ ಸಲದ ಮಾತು ಅದರ ಬಗ್ಗೆಯೇ. ವಿಡಿಯೊದಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಕ್ರಮವಾಗಿ ಬರೆದಿದ್ದೀನಿ. ಹೊರಡೋ ಹಿಂದಿನ ದಿನ ಒಮ್ಮೆ ಓದಿಕೊಂಡ್ರೆ ಸಾಕು.

ಮೊದಲು ದೋಣಿ ಎಂಥದ್ದು ಅಂತ ತಿಳ್ಕೊಳ್ಳೋಣ. ಇದನ್ನು ನ್ಯಾರೋಬೋಟ್ ಅಂತಾರೆ. ಅಗಲ ಬರೀ 6 ಅಡಿ 10 ಇಂಚು. ಉದ್ದ ಮಾತ್ರ 30 ಅಡಿಯಿಂದ 70 ಅಡಿವರೆಗೂ ಇರತ್ತೆ. 18ನೇ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರ್ ಕಾಲುವೆಗಳನ್ನು ಕಟ್ಟಿಸುವಾಗ ಲಾಕ್‌ಗಳನ್ನು ಸುಮಾರು 7 ಅಡಿ ಅಗಲಕ್ಕೆ ಇಟ್ಟರು. ಆ ಅಳತೆಯೇ ಇವತ್ತಿಗೂ ದೋಣಿಯ ಅಗಲವನ್ನು ನಿರ್ಧರಿಸ್ತಾ ಇದೆ. ಆಗ ಕುದುರೆ ದಡದ ಮೇಲೆ ನಡೆದು ಕಲ್ಲಿದ್ದಲಿನ ದೋಣಿ ಎಳೀತಿತ್ತು, ಈಗ ಡೀಸೆಲ್ ಎಂಜಿನ್ ಇದೆ. ಚೆನ್ನೈನಲ್ಲಿರೋರು ಬಕಿಂಗ್‌ಹ್ಯಾಮ್ ಕಾಲುವೆಯನ್ನು ನೆನಪಿಸಿಕೊಳ್ಳಿ. ಒಂದು ಕಾಲಕ್ಕೆ ಅದರಲ್ಲೂ ಉಪ್ಪು, ಸೌದೆ, ಅಕ್ಕಿ ದೋಣಿಯಲ್ಲೇ ಪಟ್ಟಣಕ್ಕೆ ಬರ್ತಿದ್ವು. ಅದು ಈಗ ಹೇಗಿದೆ ಅಂತ ನಿಮಗೇ ಗೊತ್ತು. ಬ್ರಿಟನ್ನಿನಲ್ಲಿ ಹಳೇ ಕಾಲುವೆಗಳನ್ನು ರಿಪೇರಿ ಮಾಡಿ ಉಳಿಸಿಕೊಂಡಿದ್ದಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 2,000 ಮೈಲಿ ಜಲಮಾರ್ಗವನ್ನು ಕೆನಾಲ್ ಅಂಡ್ ರಿವರ್ ಟ್ರಸ್ಟ್ ಅನ್ನೋ ಸಂಸ್ಥೆ ನೋಡ್ಕೊಳ್ಳತ್ತೆ.

ವೇಗದ ಮಿತಿ ಗಂಟೆಗೆ 4 ಮೈಲಿ. ಅಂದ್ರೆ ಬಿರುಸಾಗಿ ನಡೆಯೋ ಮನುಷ್ಯನಷ್ಟು. ರಜೆಯ ದೋಣಿ ನಡೆಸೋಕೆ ಲೈಸೆನ್ಸ್ ಬೇಡ. ಹಾಗಾಗಿ ಎಲ್ಲರೂ ಇದನ್ನು ಆಟದ ಸಾಮಾನು ಅಂದ್ಕೋತಾರೆ. ಆದರೆ 57 ಅಡಿ ಉಕ್ಕಿನ ದೋಣಿ 15 ಟನ್ನಿನ ಆಸುಪಾಸು ತೂಗತ್ತೆ, ಅದಕ್ಕೆ ಬ್ರೇಕ್ ಇಲ್ಲ, ಮತ್ತು ಅಲಪ್ಪುಳದ ಹೌಸ್‌ಬೋಟಿನ ಹಾಗೆ ಅಡುಗೆಯವರು, ಚಾಲಕರು ಯಾರೂ ಜೊತೆಗೆ ಬರಲ್ಲ. ನಡೆಸೋರು, ಕಟ್ಟೋರು, ಬಾಗಿಲು ತೆಗೆಯೋರು ಎಲ್ಲ ನೀವೇ. ಅದಕ್ಕೇ ಸಾಮಾನು ಮುಖ್ಯ. ಬಾಡಿಗೆ ದೋಣಿಯಲ್ಲಿ ಇವುಗಳಲ್ಲಿ ಬಹುಪಾಲು ಅವರೇ ಇಟ್ಟಿರ್ತಾರೆ. ನಿಮ್ಮ ಕೆಲಸ ಅಂದ್ರೆ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿ, ಎಲ್ಲಿದೆ, ಯಾಕಿದೆ ಅಂತ ಕೇಳಿ ತಿಳ್ಕೊಳ್ಳೋದು.

ಲಾಕ್ ದಾಟೋಕೆ: ವಿಂಡ್ಲಸ್

ಕಾಲುವೆ ಗುಡ್ಡ ಹತ್ತಬೇಕಾದಾಗ ಲಾಕ್ ಬರತ್ತೆ. ಲಾಕ್ ಅಂದ್ರೆ ಎರಡು ಕಡೆ ಬಾಗಿಲಿರೋ ಕಲ್ಲಿನ ತೊಟ್ಟಿ. ದೋಣಿ ಒಳಗೆ ಹೋದ ಮೇಲೆ ಬಾಗಿಲು ಮುಚ್ಚಿ, ನೀರು ತುಂಬಿಸಿದ್ರೆ ದೋಣಿ ಮೇಲೇಳತ್ತೆ, ಬಿಟ್ರೆ ಇಳಿಯತ್ತೆ. ಪಂಪ್ ಇಲ್ಲ, ಕರೆಂಟ್ ಇಲ್ಲ, ಎಲ್ಲ ನೀರಿನ ಭಾರದ್ದೇ ಕೆಲಸ. ನೀರು ಬಿಡೋ ತೂಬಿಗೆ ಅಲ್ಲಿ ಪ್ಯಾಡಲ್ ಅಂತಾರೆ. ಅದನ್ನು ಎತ್ತೋಕೆ ಬೇಕಾದ ಹಿಡಿಯೇ ವಿಂಡ್ಲಸ್. ನೋಡೋಕೆ ಲಾರಿ ಜಾಕ್ ತಿರುಗಿಸೋ ಹಿಡಿ ಥರ, ತುದಿಯಲ್ಲಿ ಚೌಕಾಕಾರದ ತೂತು.

ಇದು ಇಲ್ದೆ ಪ್ರಯಾಣ ಅಲ್ಲೇ ನಿಲ್ಲತ್ತೆ. ಕೈಜಾರಿ ನೀರಿಗೆ ಬಿದ್ರೆ ಮುಳುಗತ್ತೆ. ಅದಕ್ಕೆ ಕನಿಷ್ಠ ಎರಡು ಇರಬೇಕು, ಸಾಧ್ಯವಾದ್ರೆ ಮೂರು. ಕೆಲವರು ಹಗ್ಗಕ್ಕೆ ಕಟ್ಟಿದ ಬಲವಾದ ಅಯಸ್ಕಾಂತ ಇಟ್ಕೊಂಡಿರ್ತಾರೆ, ಬಿದ್ದದ್ದನ್ನು ಎತ್ತೋಕೆ. ಹಗುರ ಅಂತ ಅಲ್ಯೂಮಿನಿಯಂ ವಿಂಡ್ಲಸ್ ತಗೊಂಡ್ರೆ ಅದಕ್ಕೆ ಅಯಸ್ಕಾಂತ ಅಂಟಲ್ಲ, ನೆನಪಿರಲಿ.

ಒಂದು ಎಚ್ಚರ. ಪ್ಯಾಡಲ್ ಎತ್ತಿದ ಮೇಲೆ ಹಲ್ಲುಚಕ್ರ ಹಿಂದಕ್ಕೆ ತಿರುಗದ ಹಾಗೆ ಒಂದು ಕಬ್ಬಿಣದ ನಾಲಿಗೆ ತಡೀತಾ ಇರತ್ತೆ. ಅದು ಜಾರಿದ್ರೆ ಪ್ಯಾಡಲ್ ಧಡಕ್ಕನೆ ಕೆಳಗೆ ಬೀಳತ್ತೆ, ವಿಂಡ್ಲಸ್ ಗಿರಗಿರ ತಿರುಗಿ ಹಾರತ್ತೆ. ಮುಖಕ್ಕೆ, ಕೈಗೆ ಬಡಿದ್ರೆ ಮೂಳೆ ಮುರಿಯೋವಷ್ಟು ಜೋರು. ಹಾಗಾಗಿ ಕೆಲಸ ಆದ ತಕ್ಷಣ ವಿಂಡ್ಲಸ್ ತೆಗೆದು ಕೈಯಲ್ಲಿಟ್ಕೊಳ್ಳಿ, ಅಲ್ಲೇ ಸಿಕ್ಕಿಸಿ ಬಿಡಬೇಡಿ. ಸೀರೆ ಸೆರಗು, ದುಪಟ್ಟಾ, ಉದ್ದ ಜಡೆ ಇವು ಹಲ್ಲುಚಕ್ರದ ಹತ್ತಿರ ಬರಕೂಡದು. ನಮ್ಮತ್ತೆ ಆ ವಾರ ಪೂರ್ತಿ ಸಲ್ವಾರ್ ಹಾಕಿ, ದುಪಟ್ಟಾ ರೂಮಲ್ಲೇ ಬಿಟ್ಟು, ಎಲ್ಲರಿಗಿಂತ ಚೆನ್ನಾಗಿ ಲಾಕ್ ತೆಗೆದ್ರು.

ಲಾಕಿನಲ್ಲಿ ಇಳಿಯುವಾಗ ಇನ್ನೊಂದು ಅಪಾಯ ಇದೆ. ಮೇಲಿನ ಬಾಗಿಲಿನ ಕೆಳಗೆ ಒಂದು ಕಲ್ಲಿನ ಹೊಸ್ತಿಲು ಒಳಕ್ಕೆ ಚಾಚಿಕೊಂಡಿರತ್ತೆ. ತೊಟ್ಟಿ ತುಂಬಿದ್ದಾಗ ಕಾಣಲ್ಲ. ನೀರು ಇಳಿದ ಹಾಗೆ ದೋಣಿಯ ಹಿಂಭಾಗ ಅದರ ಮೇಲೆ ಕೂತ್ರೆ, ಮುಂಭಾಗ ಕೆಳಗೆ ವಾಲಿ ಕೆಲವೇ ನಿಮಿಷದಲ್ಲಿ ದೋಣಿ ಮುಳುಗಬಹುದು. ದಡದ ಮೇಲೆ ಬಿಳಿ ಗೆರೆ ಎಳೆದು ಗುರುತು ಹಾಕಿರ್ತಾರೆ. ಹಿಂಭಾಗ ಆ ಗೆರೆಯಿಂದ ಮುಂದಕ್ಕೆ ಇರಬೇಕು. ಸಿಕ್ಕಿಕೊಂಡಿತು ಅನ್ನಿಸಿದ್ರೆ ಕೆಳಗಿನ ಪ್ಯಾಡಲ್ ತಕ್ಷಣ ಮುಚ್ಚಿ, ಆಮೇಲೆ ಮೇಲಿನದನ್ನು ನಿಧಾನ ತೆಗೆದು ಮತ್ತೆ ನೀರು ತುಂಬಿಸಿ. ಹಾಗಾಗಿ ವಿಂಡ್ಲಸ್ ಕೈಯಲ್ಲಿರೋರು ದೋಣಿ ಕಡೆ ನೋಡ್ತಾ ನಿಂತಿರಬೇಕು, ಫೋಟೊ ತೆಗೀತಾ ಅಲ್ಲ.

ಬೀಗದ ಕೈಗಳು

ಟ್ರಸ್ಟ್‌ನ ನೀರಿನ ನಲ್ಲಿ, ಟಾಯ್ಲೆಟ್, ಕಸ ಹಾಕೋ ಜಾಗ ಇವಕ್ಕೆಲ್ಲ ಒಂದೇ ಬೀಗದ ಕೈ ಇದೆ. ವಾಟರ್‌ಮೇಟ್ ಕೀ ಅಂತಾರೆ. ಲ್ಯಾಂಗೊಲೆನ್ ಕಾಲುವೆಯ ರೆನ್‌ಬರಿ ಊರಿನ ಎತ್ತುವ ಸೇತುವೆಯನ್ನು ಇದೇ ಕೀ ಹಾಕಿ ಬಟನ್ ಒತ್ತಿ ಎತ್ತಬೇಕು. ಕಾರುಗಳು ನಿಂತು ನಿಮಗೆ ದಾರಿ ಬಿಡ್ತಾವೆ. ಕೆಲವು ಪಟ್ಟಣಗಳ ಲಾಕ್‌ಗಳಿಗೆ ಪುಂಡರ ಕಾಟ ತಪ್ಪಿಸೋಕೆ ಬೇರೆ ಬೀಗ ಹಾಕಿರ್ತಾರೆ, ಅದಕ್ಕೆ ಇನ್ನೊಂದು ಕೀ ಬೇಕು. ನಿಮ್ಮ ದಾರಿಯಲ್ಲಿ ಅಂಥವು ಇವೆಯಾ ಅಂತ ಮೊದಲೇ ಕೇಳಿ. ಎಲ್ಲ ಕೀಗಳನ್ನೂ ಕಾರ್ಕ್ ಉಂಡೆಗೆ ಸಿಕ್ಕಿಸಿ. ನೀರಿಗೆ ಬಿದ್ರೂ ತೇಲತ್ತೆ. ಆದ್ರೆ ಒಂದು ಕಾರ್ಕಿಗೆ ಗೊಂಚಲು ಕೀ ನೇತು ಹಾಕಿದ್ರೆ ಅದೂ ಮುಳುಗತ್ತೆ. ಬಕೆಟ್ ನೀರಲ್ಲಿ ಹಾಕಿ ಒಮ್ಮೆ ಪರೀಕ್ಷೆ ಮಾಡಿ.

ದೋಣಿ ಕಟ್ಟೋಕೆ

ದೋಣಿಗೆ ಮೂರು ಹಗ್ಗ ಬೇಕು: ಮುಂದೆ, ಹಿಂದೆ, ಮತ್ತೆ ಛಾವಣಿ ಮಧ್ಯದಿಂದ ಒಂದು. ಗಾಳಿ ಬೀಸುವಾಗ ಒಬ್ಬರೇ ದೋಣಿ ಹಿಡಿದು ನಿಲ್ಲಿಸೋಕೆ ಮಧ್ಯದ ಹಗ್ಗವೇ ಗತಿ. ಊರ ಹೊರಗೆ ಕಟ್ಟೋಕೆ ಕಂಬ ಇರಲ್ಲ. ಅಲ್ಲಿ ಉಕ್ಕಿನ ಗೂಟ ಮತ್ತೆ ಸುತ್ತಿಗೆ ಬೇಕು. ಎತ್ತು ಕಟ್ಟೋ ಗೂಟ ಹೊಡೆದ ಹಾಗೇ, ದೋಣಿಯಿಂದ ಆಚೆಗೆ ತಲೆ ವಾಲೋ ಹಾಗೆ ಓರೆಯಾಗಿ ಹೊಡೀಬೇಕು. ದಡಕ್ಕೆ ತಗಡಿನ ಗೋಡೆ ಇದ್ರೆ ಗೂಟ ಬೇಡ, ಅದರ ಕಂಬಿಗೆ ಸಿಕ್ಕಿಸೋ ಕೊಕ್ಕೆ ಇರತ್ತೆ. ಗೂಟದ ತಲೆಗೆ ಬಿಳಿ ಪ್ಲಾಸ್ಟಿಕ್ ಚೀಲ ಅಥವಾ ಬಣ್ಣದ ಬಟ್ಟೆ ಕಟ್ಟಿ. ಆ ದಡದ ಮೇಲೆ ಬೆಳಗ್ಗೆ ಓಡೋರು, ಸೈಕಲ್ ತುಳಿಯೋರು ಬರ್ತಿರ್ತಾರೆ, ಎಡವಿ ಬೀಳಬಾರದು.

ಎರಡು ನಿಯಮ. ಲಾಕಿನಲ್ಲಿ ಇಳಿಯುವಾಗ ಹಗ್ಗವನ್ನು ಗಂಟು ಹಾಕಿ ಕಟ್ಟಬೇಡಿ, ನೀರು ಇಳಿದ ಮೇಲೆ ದೋಣಿ ಹಗ್ಗಕ್ಕೆ ನೇತಾಡತ್ತೆ. ಹಗ್ಗವನ್ನು ಯಾವತ್ತೂ ಕೈಗೆ ಸುತ್ತಿಕೊಳ್ಳಬೇಡಿ. 15 ಟನ್ ಎಳೆದ್ರೆ ಬೆರಳು ಉಳಿಯಲ್ಲ.

ಛಾವಣಿ ಮೇಲೆ ಉದ್ದನೆಯ ಮರದ ಗಳ, ಕೊಕ್ಕೆ ಇರೋ ಕೋಲು, ಮತ್ತೆ ಒಂದು ಹಲಗೆ ಇರಬೇಕು. ಕೆಸರಲ್ಲಿ ದೋಣಿ ಕೂತ್ರೆ ಗಳದಿಂದ ತಳ್ಳಿ. ದಡದ ಹತ್ತಿರ ಆಳ ಸಾಲದೆ ದೋಣಿ ದೂರ ನಿಂತ್ರೆ ವಯಸ್ಸಾದವರು ಇಳಿಯೋಕೆ ಹಲಗೆ. ಗೋಡೆಗೆ ಗುದ್ದತ್ತೆ ಅನ್ನಿಸಿದಾಗ ಕಾಲು ಚಾಚಿ ತಡೆಯೋ ಚಟ ನಮ್ಮೆಲ್ಲರಿಗೂ ಇದೆ. ಬೇಡ. ಗುದ್ದಲಿ ಬಿಡಿ, ಉಕ್ಕಿಗೆ ಏನೂ ಆಗಲ್ಲ, ಕಾಲು ಮಾತ್ರ ಪುಡಿ ಆಗತ್ತೆ.

ಪ್ರೊಪೆಲರ್ ಬಿಡಿಸೋಕೆ

ಕಾಲುವೆ ತಳದಲ್ಲಿ ಪ್ಲಾಸ್ಟಿಕ್, ಹಗ್ಗ, ಹಳೇ ಬಟ್ಟೆ, ತಂತಿ ಎಲ್ಲ ಬಿದ್ದಿರತ್ತೆ. ಇವು ಪ್ರೊಪೆಲರ್‌ಗೆ ಸುತ್ತಿಕೊಂಡ್ರೆ ಎಂಜಿನ್ ಹೊಗೆ ಬಿಟ್ಟು ಒದ್ದಾಡತ್ತೆ, ದೋಣಿ ಮುಂದೆ ಹೋಗಲ್ಲ. ಹಿಂಭಾಗದಲ್ಲಿ ಪ್ರೊಪೆಲರ್ ಮೇಲಕ್ಕೇ ಒಂದು ಮುಚ್ಚಳದ ಕಿಂಡಿ ಇದೆ, ವೀಡ್ ಹ್ಯಾಚ್ ಅಂತಾರೆ. ಅದನ್ನು ತೆಗೆದು ಕೈ ಹಾಕಿ ಬಿಡಿಸಬೇಕು. ಬೇಕಾದ್ದು: ದಪ್ಪ ಉದ್ದ ಗ್ಲೌಸ್, ಹಳೇ ಬ್ರೆಡ್ ಕೊಯ್ಯೋ ಚಾಕು, ತಂತಿ ಕತ್ತರಿಸೋ ಕಟ್ಟರ್, ಟಾರ್ಚ್.

ಕೈ ಹಾಕೋ ಮುಂಚೆ ಎಂಜಿನ್ ಆಫ್ ಮಾಡಿ, ಕೀ ತೆಗೆದು ಕೈ ಹಾಕೋರ ಜೇಬಿನಲ್ಲೇ ಇಡಿ. ಬೇರೆ ಯಾರ ಕೈಗೂ ಕೊಡಬೇಡಿ. ಕೆಲಸ ಆದ ಮೇಲೆ ಮುಚ್ಚಳ ಬಿಗಿಯಾಗಿ ಕೂತಿದೆಯಾ ಅಂತ ಎರಡು ಸಲ ನೋಡಿ. ಮುಚ್ಚಳ ಸಡಿಲ ಬಿಟ್ಟು ಎಂಜಿನ್ ಹಾಕಿದ್ರೆ ಪ್ರೊಪೆಲರ್ ಎಸೆಯೋ ನೀರು ನೇರ ಒಳಗೆ ನುಗ್ಗತ್ತೆ. ದೋಣಿ ಮುಳುಗಿರೋದು ಹೀಗೂ ಉಂಟು.

ಎಲ್ಲಕ್ಕಿಂತ ಮುಖ್ಯವಾದ್ದು, ಅಂಗೈಯಷ್ಟು ದೊಡ್ಡದು

ಇಲ್ಲಿಯವರೆಗಿನದು ಮರೆತ್ರೂ ಇದನ್ನು ಮರೀಬೇಡಿ: ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್.

ದೆಹಲಿಯಲ್ಲಿರೋರಿಗೆ ಗೊತ್ತು, ಪ್ರತಿ ಚಳಿಗಾಲ ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಹಚ್ಚಿ ಮಲಗಿ ಬೆಳಗ್ಗೆ ಏಳದೇ ಹೋದವರ ಸುದ್ದಿ ಬರತ್ತೆ. ಪುಣೆ, ಮುಂಬೈನಲ್ಲಿ ಬಾತ್‌ರೂಮ್ ಒಳಗಿನ ಗ್ಯಾಸ್ ಗೀಸರ್‌ನಿಂದ ಆದ ಸಾವುಗಳ ಸುದ್ದಿ ಓದಿರ್ತೀರಿ. ಎರಡೂ ಕಡೆ ಕೊಲ್ಲೋದು ಇದೇ ಅನಿಲ. ಬಣ್ಣ ಇಲ್ಲ, ವಾಸನೆ ಇಲ್ಲ. ಉರಿಯುವ ಯಾವ ಇಂಧನಕ್ಕಾದ್ರೂ ಗಾಳಿ ಸಾಲದೇ ಹೋದಾಗ ಹುಟ್ಟತ್ತೆ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರೋ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಬಲವಾಗಿ ಅಂಟಿಕೊಳ್ಳತ್ತೆ, ಹಾಗಾಗಿ ಮಲಗಿದ್ದವರು ಎದ್ದು ಓಡೋ ಶಕ್ತಿಯನ್ನೇ ಕಳ್ಕೋತಾರೆ.

ಈಗ ನ್ಯಾರೋಬೋಟ್ ನೋಡಿ. 7 ಅಡಿಗಿಂತ ಕಡಿಮೆ ಅಗಲದ ಉಕ್ಕಿನ ಪೆಟ್ಟಿಗೆ. ಒಳಗೆ ಗ್ಯಾಸ್ ಒಲೆ, ಹಲವು ದೋಣಿಗಳಲ್ಲಿ ಕಲ್ಲಿದ್ದಲು ಅಥವಾ ಸೌದೆ ಹಾಕೋ ಸ್ಟೌವ್, ಹಿಂದೆ ಡೀಸೆಲ್ ಎಂಜಿನ್ ಹೊಗೆ. ಹೊರಗೆ ಚಳಿ, ಮಳೆ. ನಮ್ಮವರು ಏನು ಮಾಡ್ತಾರೆ? ಕಿಟಕಿ ಮುಚ್ಚಿ, ಗಾಳಿ ಕಿಂಡಿಗೆ ಟವೆಲ್ ತುರುಕಿ, ಒಂದೂವರೆ ಗಂಟೆ ಸಾರು, ಪಲ್ಯ, ಚಪಾತಿ ಮಾಡ್ತಾರೆ. ಇದೇ ಅಪಾಯ. ಬಾಗಿಲಿನ ಕೆಳಗೂ ಛಾವಣಿಯಲ್ಲೂ ಇರೋ ಗಾಳಿ ಕಿಂಡಿಗಳು ಚಳಿಗೆ ಬಿಟ್ಟ ತೂತುಗಳಲ್ಲ, ನಿಮ್ಮ ಉಸಿರಿಗೆ ಇಟ್ಟದ್ದು. ಮುಚ್ಚಬೇಡಿ. ಚಳಿ ಅಂತ ಗ್ಯಾಸ್ ಒಲೆ ಹಚ್ಚಿ ಕೈ ಕಾಯಿಸ್ತಾ ಕೂರಬೇಡಿ. ಹೊರಗೆ ಬಾರ್ಬೆಕ್ಯೂ ಮಾಡಿ, ಕೆಂಡ ಆರಿದೆ ಅಂತ ಒಳಗೆ ತರಬೇಡಿ.

ಬ್ರಿಟನ್ನಿನ ಬೋಟ್ ಸೇಫ್ಟಿ ಸ್ಕೀಮ್ ನಿಯಮದ ಪ್ರಕಾರ 2019ರ ಏಪ್ರಿಲ್‌ನಿಂದ ಮಲಗೋ ಜಾಗ ಇರೋ ದೋಣಿಗಳಲ್ಲಿ ಈ ಅಲಾರ್ಮ್ ಕಡ್ಡಾಯ. ದೋಣಿಗೆಂದೇ ಇರೋ ಮಾನದಂಡ ಇಎನ್ 50291-2, ಪೆಟ್ಟಿಗೆ ಮೇಲೆ ಆ ಸಂಖ್ಯೆ ಇರತ್ತೆ. ಹತ್ತಿದ ಕೂಡಲೇ ಟೆಸ್ಟ್ ಬಟನ್ ಒತ್ತಿ ಸದ್ದು ಕೇಳಿ. ಮಲಗೋ ಕೋಣೆಯಲ್ಲಿ ಒಂದು ಇಲ್ಲ ಅಂದ್ರೆ ನಿಮ್ಮದೇ ಇನ್ನೊಂದು ಬ್ಯಾಟರಿ ಅಲಾರ್ಮ್ ತಗೊಂಡು ಹೋಗಿ. ನಾವು ಹಾಗೇ ಮಾಡಿದ್ವಿ, ಬ್ಯಾಗಿನಲ್ಲಿ ಒಂದು ಸೋಪಿನ ಪೆಟ್ಟಿಗೆಯಷ್ಟು ಜಾಗ ಸಾಕು.

ತಲೆನೋವು, ವಾಕರಿಕೆ, ತಲೆಸುತ್ತು, ಮಂಪರು ಇವು ಲಕ್ಷಣ. "ದೋಣಿ ಅಲುಗಾಟಕ್ಕೆ ಹೀಗಾಗ್ತಿದೆ" ಅಂದ್ಕೊಳ್ಳೋದು ಸುಲಭ. ಆದ್ರೆ ಕಾಲುವೆಯಲ್ಲಿ ಅಲೆ ಇಲ್ಲ. ಇಬ್ಬರಿಗೆ ಒಟ್ಟಿಗೇ ತಲೆನೋವು ಬಂದು, ಹೊರಗೆ ಬಂದ ಮೇಲೆ ಕಡಿಮೆ ಆದ್ರೆ, ಅನುಮಾನ ಬೇಡ. ಎಲ್ಲರೂ ಹೊರಗೆ ಬನ್ನಿ, 999ಕ್ಕೆ ಫೋನ್ ಮಾಡಿ, ಅಲಾರ್ಮ್ ಬ್ಯಾಟರಿ ತೆಗೆದು ಮತ್ತೆ ಮಲಗಬೇಡಿ.

ಗ್ಯಾಸ್ ಬಗ್ಗೆ ಇನ್ನೊಂದು ಮಾತು. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದ್ರೆ ಬಾಗಿಲು ತೆಗೆದು ಹೊರಹಾಕಬಹುದು. ದೋಣಿಯಲ್ಲಿ ಅದು ತಳಕ್ಕೆ ಇಳಿದು ಅಲ್ಲೇ ಕೂತಿರತ್ತೆ, ಒಂದು ಕಿಡಿ ಸಾಕು. ರಾತ್ರಿ ಮಲಗುವಾಗ ಸಿಲಿಂಡರ್ ಹತ್ತಿರದ ವಾಲ್ವ್ ಮುಚ್ಚಿ. ಬೆಂಕಿ ಆರಿಸೋ ಸಿಲಿಂಡರ್‌ಗಳು ಎಲ್ಲಿವೆ, ಒಲೆ ಪಕ್ಕ ಫೈರ್ ಬ್ಲ್ಯಾಂಕೆಟ್ ಇದೆಯಾ ನೋಡಿ. ಪೂರಿ, ಬಜ್ಜಿ ಕರಿಯೋ ಎಣ್ಣೆಗೆ ಬೆಂಕಿ ಹತ್ತಿದ್ರೆ ನೀರು ಹಾಕಲೇಬೇಡಿ, ಒಲೆ ಆರಿಸಿ ಬ್ಲ್ಯಾಂಕೆಟ್ ಮುಚ್ಚಿ. ನಿಜ ಹೇಳ್ಬೇಕಂದ್ರೆ ಆ ವಾರ ಕರಿಯೋದನ್ನೇ ಬಿಟ್ಟುಬಿಡಿ.

ನೀರಿಗೆ ಬಿದ್ರೆ

ಲೈಫ್ ಜಾಕೆಟ್ ಎಲ್ಲರಿಗೂ ಅವರವರ ಅಳತೆಯದ್ದೇ ಬೇಕು. ಮಕ್ಕಳಿಗೆ ದೊಡ್ಡವರದ್ದು ಹಾಕಿದ್ರೆ ನೀರಿನಲ್ಲಿ ತಲೆ ಮೇಲೆ ಜಾರಿ ಹೋಗತ್ತೆ. ಮಗು ಡೆಕ್ ಮೇಲೆ, ಲಾಕ್ ಹತ್ತಿರ ಇರೋವಷ್ಟು ಹೊತ್ತು ಜಾಕೆಟ್ ತೆಗೆಯೋ ಹಾಗಿಲ್ಲ. ಈಜು ಬರದ ದೊಡ್ಡವರಿಗೂ ಅದೇ ನಿಯಮ.

ಕಾಲುವೆ ಮಧ್ಯದಲ್ಲಿ ಬಹಳ ಕಡೆ ಎದೆ ಮಟ್ಟದ ನೀರೇ, ಎದ್ದು ನಿಲ್ಲಬಹುದು. ಲಾಕ್‌ಗಳು ಮಾತ್ರ ಆಳ. ಹೆಚ್ಚು ಅಪಾಯ ತಣ್ಣೀರಿನದು. 15 ಡಿಗ್ರಿಗಿಂತ ತಣ್ಣನೆಯ ನೀರಿಗೆ ಇದ್ದಕ್ಕಿದ್ದಂತೆ ಬಿದ್ರೆ ಉಸಿರು ತಾನಾಗಿ ಜೋರಾಗಿ ಎಳ್ಕೊಳ್ಳತ್ತೆ, ನೀರು ಒಳಗೆ ಹೋಗತ್ತೆ. ಚೆನ್ನಾಗಿ ಈಜು ಬರೋರೂ ಇದರಿಂದಲೇ ಮುಳುಗ್ತಾರೆ. ಬಿದ್ದವರು ಮೊದಲು ತೇಲ್ತಾ ಉಸಿರು ಹಿಡಿತಕ್ಕೆ ತಂದ್ಕೋಬೇಕು. ದೋಣಿ ನಡೆಸೋರು ತಕ್ಷಣ ಗೇರ್ ನ್ಯೂಟ್ರಲ್‌ಗೆ ಹಾಕಿ. ರಿವರ್ಸ್ ಹಾಕಬೇಡಿ, ಪ್ರೊಪೆಲರ್ ಬಿದ್ದವರನ್ನೇ ಎಳ್ಕೊಳ್ಳತ್ತೆ. ಹಗ್ಗ ಎಸೆಯಿರಿ, ಕೋಲು ಚಾಚಿ, ನೀವು ಹಾರಬೇಡಿ. ಎಸೆಯೋ ಹಗ್ಗ ಒಳಗೆ ಪೆಟ್ಟಿಗೆಯಲ್ಲಿ ಇರಬಾರದು, ಹಿಂಭಾಗದಲ್ಲಿ ಕೈಗೆ ಸಿಗಬೇಕು.

ಇದೇ ಕಾಲುವೆಯಲ್ಲಿ ಪಾಂಟ್‌ಕಸಲ್ತೆ ಮೇಲ್ಗಾಲುವೆ ಬರತ್ತೆ. ಥಾಮಸ್ ಟೆಲ್ಫರ್ಡ್ ಮತ್ತು ವಿಲಿಯಂ ಜೆಸಪ್ ಕಟ್ಟಿಸಿ 1805ರಲ್ಲಿ ತೆರೆದದ್ದು, 2009ರಿಂದ ಯುನೆಸ್ಕೊ ವಿಶ್ವ ಪರಂಪರೆ ತಾಣ. ಡೀ ನದಿಯ ಮೇಲೆ 38 ಮೀಟರ್ ಎತ್ತರದಲ್ಲಿ ಕಬ್ಬಿಣದ ತೊಟ್ಟಿಯಲ್ಲಿ ನೀರು, ಅದರಲ್ಲಿ ನಿಮ್ಮ ದೋಣಿ. ಒಂದು ಕಡೆ ನಡೆಯೋ ದಾರಿ, ಕಟಕಟೆ ಇದೆ. ಇನ್ನೊಂದು ಕಡೆ ಏನೂ ಇಲ್ಲ. ದಾಟೋವರೆಗೂ ಮಕ್ಕಳು ಒಳಗೆ, ಕಿಟಕಿಯಿಂದ ನೋಡಲಿ. ಅದರ ಹತ್ತಿರದಲ್ಲೇ ಚರ್ಕ್ ಸುರಂಗ, ಸುಮಾರು 420 ಮೀಟರ್, ಒಂದೇ ದೋಣಿ ಹಿಡಿಯೋವಷ್ಟು ಅಗಲ. ಒಳಗೆ ಹೋಗೋ ಮುಂಚೆ ಎದುರಿಂದ ದೀಪ ಬರ್ತಿದೆಯಾ ನೋಡಬೇಕು. ಮುಂದಿನ ಹೆಡ್‌ಲೈಟ್, ಹಾರ್ನ್, ಕೈಯಲ್ಲಿ ಟಾರ್ಚ್ ಮೂರೂ ಕೆಲಸ ಮಾಡ್ತಿರಬೇಕು.

ಔಷಧಿ ಪೆಟ್ಟಿಗೆ ಮತ್ತು ಫೋನ್

ಮಳೆಗಾಲದಲ್ಲಿ ಮುಂಬೈ ನೀರಲ್ಲಿ ನಡೆದ ಮೇಲೆ ಲೆಪ್ಟೊ ಬಗ್ಗೆ ಡಾಕ್ಟರ್‌ಗಳು ಎಚ್ಚರಿಸ್ತಾರಲ್ಲ, ಅದೇ ಇಲಿ ಜ್ವರದ ಭಯ ಕಾಲುವೆ ನೀರಲ್ಲೂ ಇದೆ. ಕೈಗೆ ಗಾಯ ಇದ್ರೆ ನೀರು ಹೋಗದ ಪ್ಲಾಸ್ಟರ್ ಹಾಕಿ. ಹಗ್ಗ ಮುಟ್ಟಿದ ಕೈ ತೊಳೀದೆ ಊಟಕ್ಕೆ ಕೂರಬೇಡಿ. ವಾಪಸ್ ಬಂದ ಎರಡು ಮೂರು ವಾರದಲ್ಲಿ ಜ್ವರ, ಮೈಕೈ ನೋವು ಬಂದ್ರೆ ಕಾಲುವೆಯಲ್ಲಿ ಇದ್ದದ್ದನ್ನು ಡಾಕ್ಟರ್‌ಗೆ ಹೇಳಿ. ಬಿಪಿ, ಶುಗರ್ ಮಾತ್ರೆಗಳು ಪೂರ್ತಿ ವಾರಕ್ಕೆ ಕೈಯಲ್ಲಿರಲಿ, ದೋಣಿ ವೇಗದಲ್ಲಿ ಮೆಡಿಕಲ್ ಶಾಪ್ ಹುಡುಕೋದು ಕಷ್ಟ.

ತುರ್ತು ಫೋನ್ ಮಾಡಿದಾಗ "ಎಲ್ಲಿದ್ದೀರಿ?" ಅಂತ ಕೇಳ್ತಾರೆ. ಕಾಲುವೆಗೆ ರಸ್ತೆ ಹೆಸರಿಲ್ಲ. ಆದ್ರೆ ಬಹುತೇಕ ಸೇತುವೆಗಳ ಮೇಲೆ ನಂಬರ್ ಬರೆದಿರತ್ತೆ. ದಾಟಿದ ಹಾಗೆ ಕಾಗದದ ನಕ್ಷೆಯಲ್ಲಿ ಟಿಕ್ ಹಾಕ್ತಾ ಹೋಗಿ. ನಮ್ಮ ದೋಣಿಯಲ್ಲಿ ಆ ಕೆಲಸ ಒಂಬತ್ತು ವರ್ಷದ ಮಗಳದ್ದು. ಯಾವಾಗ ಕೇಳಿದ್ರೂ ನಂಬರ್ ಬಾಯಲ್ಲೇ ಇರ್ತಿತ್ತು.

ನಮ್ಮ ಕಡೆಯಿಂದ ಏನು ಒಯ್ಯಬೇಕು

ಜಾರದ ಅಡಿ ಇರೋ ಶೂ, ಮಳೆ ಕೋಟು, ಬೇಸಿಗೆಯಲ್ಲೂ ಒಂದು ಸ್ವೆಟರ್. ಚಪ್ಪಲಿ ಬೇಡ, ಒದ್ದೆ ಉಕ್ಕಿನ ಮೇಲೆ ಜಾರತ್ತೆ. ಗಾಲಿ ಸೂಟ್‌ಕೇಸ್ ಇಡೋಕೆ ಜಾಗ ಇಲ್ಲ, ಮಡಚೋ ಬ್ಯಾಗ್ ತನ್ನಿ. ಮಿಕ್ಸಿ ಬೇಡ, ದೋಣಿಯ ಬ್ಯಾಟರಿಗೆ ಅದು ಭಾರ. ಚಟ್ನಿಪುಡಿ, ಮೆಂತ್ಯದ ಹಿಟ್ಟು, ಸಾರಿನ ಪುಡಿ, ಅವಲಕ್ಕಿ ಇದ್ರೆ ವಾರ ಕಳೆಯತ್ತೆ, ಒಲೆ ಉರಿಯೋ ಹೊತ್ತೂ ಕಡಿಮೆ. ತುಪ್ಪ ಮತ್ತು ಧಾರವಾಡ ಪೇಡ ಮಾತ್ರ ಭಾರತದಿಂದ ಒಯ್ಯಬೇಡಿ, ಹಾಲಿನ ಪದಾರ್ಥಕ್ಕೆ ಅಲ್ಲಿ ಅನುಮತಿ ಇಲ್ಲ. ತುಪ್ಪ ಅಲ್ಲಿನ ಅಂಗಡಿಯಲ್ಲೇ ಸಿಗತ್ತೆ.

ದೋಣಿ ಕೈಗೆ ಕೊಡುವಾಗ ಅವರು ಎಲ್ಲ ತೋರಿಸ್ತಾರೆ. ಆಗ ಒಬ್ಬರು ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಮತ್ತೆ ಈ ಏಳು ಕೈಗೆ ಸಿಕ್ಕವಾ ನೋಡಿ: ಎರಡು ವಿಂಡ್ಲಸ್, ಕಾರ್ಕ್ ಇರೋ ಕೀ, ಗೂಟ ಸುತ್ತಿಗೆ, ಗ್ಲೌಸ್ ಚಾಕು, ಸದ್ದು ಮಾಡೋ ಅಲಾರ್ಮ್, ಎಲ್ಲರ ಅಳತೆಯ ಜಾಕೆಟ್, ಎಸೆಯೋ ಹಗ್ಗ. ಒಂದು ಇಲ್ಲ ಅಂದ್ರೂ ಕೇಳೋಕೆ ಸಂಕೋಚ ಬೇಡ. ದಡ ಬಿಟ್ಟ ಮೇಲೆ ಕೇಳೋಕೆ ಯಾರೂ ಇರಲ್ಲ.

ಮುಂದಿನ ಮಾತುಕತೆಯಲ್ಲಿ ಲಾಕ್ ದಾಟೋದನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸ್ತೀನಿ. ಅಲ್ಲಿವರೆಗೆ ನಮಸ್ಕಾರ.